ಹಾಸನದಲ್ಲೇ ಕೆಲಸ ಹುಡುಕ್ತಿದೀನಿ, ರೆಸ್ಯೂಮ್ ಹೇಗೆ ಬರೀಬೇಕು? ಅನುಭವ ಇರೋರು ಹೇಳಿ

ಹೇಮಾವತಿ ದಡ:
ನಾನು 2020ರ ಬಿ.ಕಾಂ. ಬಿ.ಎಂ. ರೋಡಲ್ಲಿ ಒಬ್ರು ಆಡಿಟರ್ ಹತ್ರ ಮೂರು ವರ್ಷ ಟ್ಯಾಲಿ, ಜಿಎಸ್‌ಟಿ ನೋಡ್ಕೊಂಡಿದ್ದೆ. 2023ರಲ್ಲಿ ಅಮ್ಮನಿಗೆ ಸ್ಟ್ರೋಕ್ ಆಯ್ತು, ಎರಡು ವರ್ಷ ಮನೇಲೇ ಇದ್ದೆ. ಈಗ ಅವರೇ ಎದ್ದು ಓಡಾಡ್ತಾರೆ. ಇಲ್ಲೀವರೆಗೆ 38 ಕಡೆ ರೆಸ್ಯೂಮ್ ಕಳ್ಸಿದೀನಿ. ಬಂದಿದ್ದು ಎರಡೇ ಫೋನು, ಅದ್ರಲ್ಲೊಂದು ಇನ್ಶೂರೆನ್ಸ್ ಪಾಲಿಸಿ ಮಾರೋಕೆ ಬನ್ನಿ ಅಂತ. ಆ ಎರಡು ವರ್ಷ ಬರೀಬೇಕಾ, ಬಿಟ್ಬಿಡ್ಬೇಕಾ? ಫೋಟೊ ಬೇಕಾ? ಒಂದು ಪುಟ ಸಾಕಾ? ಬೆಂಗಳೂರಿಗೆ ಬಾ ಅನ್ಬೇಡಿ, ಆಗಲ್ಲ.

ಪೀಣ್ಯ ಶಿಫ್ಟು:
ಬೆಂಗಳೂರಿಗೆ ಬನ್ನಿ. ಹಾಸನದಲ್ಲಿ ರೆಸ್ಯೂಮ್ ಯಾರು ಓದ್ತಾರೆ, ‘ಯಾರ ಕಡೆಯವರು’ ಅಂತ ತಾನೇ ಕೇಳೋದು. 2017ರಲ್ಲಿ ಕುಣಿಗಲ್ ಮೇಲೆ ರೈಲು ಬಿಟ್ರಲ್ಲ, ಆ ವರ್ಷವೇ ಹತ್ತಿದೋನು ನಾನು. ಹಬ್ಬಕ್ಕೆ ಬಿಟ್ರೆ ಊರ ಕಡೆ ತಲೆ ಹಾಕಿಲ್ಲ.

ಚನ್ರಾಯಪಟ್ಣದ ಡಿಪ್ಲೊಮಾ:
ದುಡ್ಡು ಕೊಟ್ಟು ಮಾತ್ರ ಬರೆಸಬೇಡಿ. ನನ್ನ ಕಥೆ ಕೇಳಿ. ಆನ್‌ಲೈನಲ್ಲಿ ಸಿಕ್ಕಿದ ಒಬ್ಬನಿಗೆ 3,500 ಕೊಟ್ಟೆ, ಮೇಲೆ ಶೇ 18 ಜಿಎಸ್‌ಟಿ ಸೇರಿ 4,130. ಬಿಲ್ ಇನ್ನೂ ಇಟ್ಕೊಂಡಿದೀನಿ, ಯಾಕೆ ಅಂತ ಕೇಳ್ಬೇಡಿ. ಮದುವೆ ಕರೆಯೋಲೆ ಥರ ಇತ್ತು ರೀ. ಎಡಗಡೆ ನೀಲಿ ಪಟ್ಟಿ, ಅದ್ರೊಳಗೆ ಫೋಟೊ, ಆಟೊಕ್ಯಾಡ್‌ಗೆ ನಾಲ್ಕು ಸ್ಟಾರು, ಎಕ್ಸೆಲ್‌ಗೆ ಮೂರೂವರೆ. ಆ ಅರ್ಧ ಸ್ಟಾರ್ ಯಾವ ಲೆಕ್ಕದಲ್ಲಿ ಕಟ್ ಮಾಡಿದ್ನೋ! ದಪ್ಪ ಹಾಳೇಲಿ 60 ಕಲರ್ ಪ್ರಿಂಟು, ಒಂದಕ್ಕೆ ಹತ್ತು ರೂಪಾಯಿ, 600. ಪ್ಲಾಸ್ಟಿಕ್ ಫೈಲು 15ರಂತೆ 20, 300. ಅಲ್ಲಿಗೆ 5,030.

ಏಳು ತಿಂಗಳು ಒಂದು ಫೋನೂ ಇಲ್ಲ. ಒಂದಿನ ಜಾಬ್ ಪೋರ್ಟಲ್ಲಿಗೆ ಅದೇ ಫೈಲ್ ಹಾಕಿ, ಅದು ತಾನಾಗೇ ತುಂಬಿಕೊಂಡ ಕಾಲಂ ನೋಡ್ತೀನಿ, ಹುದ್ದೆ ಅನ್ನೋ ಕಡೆ ‘ವಾಲಿಬಾಲ್’ ಅಂತಿದೆ, ಮೊಬೈಲ್ ನಂಬರ್ ಕಾಲಂ ಖಾಲಿ! ಎರಡು ಕಾಲಂ ಇದ್ರೆ ಎಷ್ಟೋ ಸಾಫ್ಟ್‌ವೇರ್‌ಗಳು ಎಡದ್ದು ಬಲದ್ದು ಕಲಸಿ ಓದ್ತವೆ. ಪುಟದ ತಲೆಪಟ್ಟಿಯ ಹೆಡರಲ್ಲಿ ನಂಬರ್ ಹಾಕಿದ್ರೆ ಕೆಲವಕ್ಕೆ ಕಾಣೋದೇ ಇಲ್ಲ. ಈಗ ನಾನು ಮಾಡೋದಿಷ್ಟೆ, ಪಿಡಿಎಫ್ ತೆರೆದು ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕೋದು. ಅಲ್ಲಿ ಸಾಲು ಹಿಂದುಮುಂದಾದ್ರೆ ಕಂಪನಿ ಕಂಪ್ಯೂಟರಲ್ಲೂ ಆಗೋ ಸಾಧ್ಯತೆ ಇದೆ ಅಂತ. ಇಷ್ಟು ಕಲಿಯೋಕೆ 5,030 ರೂಪಾಯಿ.

ಮೂಡಿಗೆರೆ ಮಳೆ:
ಎಂಥ ಸ್ಟಾರು ಮಾರಾಯ್ರೆ, ನಂದು ಒಂದೇ ಶಬ್ದ ಕೆಲಸ ಕೆಡಿಸಿತು. ಆರು ವರ್ಷ ಕಾಫಿ ಎಸ್ಟೇಟಲ್ಲಿ ರೈಟರ್ ಆಗಿದ್ದೆ. ಚೆಕ್‌ರೋಲ್ ಅಂದ್ರೆ ಆಳುಗಳ ಹಾಜರಿ ಪುಸ್ತಕ ಬರೆಯೋದು, ಬಟವಾಡೆ ಲೆಕ್ಕ, ಕುಯ್ಲಲ್ಲಿ ದಿನಕ್ಕೆ ಎಷ್ಟು ಕೆ.ಜಿ. ಹಣ್ಣು ಬಂತು, ಸಿಪ್ಪೆ ಬಿಡಿಸೋ ಪಲ್ಪರ್ ಮನೆಗೆ ಎಷ್ಟು ಹೋಯ್ತು, ಕಣದಲ್ಲಿ ಒಣಗಿ ಎಷ್ಟು ಮೂಟೆ ಆಯ್ತು, ಎಲ್ಲಾ ನನ್ನದೇ. ರೆಸ್ಯೂಮಲ್ಲಿ ಹಾಗೇ ‘ಎಸ್ಟೇಟ್ ರೈಟರ್’ ಅಂತ ಬರೆದೆ. ಬೆಂಗಳೂರಿನ ಗೋಡೌನ್ ಕಂಪನಿಯಲ್ಲಿ ಒಬ್ಬಳು ಹುಡುಗಿ ಕೇಳ್ತಾಳೆ, ‘ಸರ್, ಯಾವ ಸಬ್ಜೆಕ್ಟ್ ಮೇಲೆ ಬರೀತೀರಿ? ಪಬ್ಲಿಷ್ ಆಗಿದೆಯಾ?’ ಅಂತ. ನಮ್ಮ ಕಡೆ ಯಾರಿಗೆ ಕೇಳಿದ್ರೂ ರೈಟರ್ ಅಂದ್ರೆ ಏನು ಅಂತ ಗೊತ್ತು. ಆಮೇಲೆ ‘90 ಆಳುಗಳ ಹಾಜರಿ ಮತ್ತು ಕೂಲಿ ಲೆಕ್ಕ’ ಅಂತ ಬದಲಾಯಿಸಿದೆ, ಮೂರನೇ ವಾರ ಚಿಕ್ಕಮಗಳೂರಲ್ಲೇ ಕಾಫಿ ಬೀಜ ಹದ ಮಾಡೋ ಒಂದು ಕ್ಯೂರಿಂಗ್ ವರ್ಕ್ಸಲ್ಲಿ ಸ್ಟೋರ್ಸ್ ಕೆಲಸ ಸಿಕ್ತು. ಔಟ್‌ಟರ್ನ್, ಅಂದ್ರೆ ಒಣಗಿದ ಕಾಫಿಗೆ ಎಷ್ಟು ಬೀಜ ಸಿಗ್ತದೆ ಅನ್ನೋ ಲೆಕ್ಕ, ಗೊತ್ತಾ ಅಂತ ಕೇಳಿದ್ರು, ಹಾಳೆ ನೋಡಲೇ ಇಲ್ಲ.

ಸಕಲೇಶಪುರ ಸಿಂಗಲ್ ಬ್ರಿಜ್:
ರೈಟರ್ ಅಂದ್ರೆ ಬರೀ ಲೆಕ್ಕ ಬರೆಯೋನು. 90 ಆಳು ನೋಡ್ಕೊಳ್ಳೋದು ಮೇಸ್ತ್ರಿ. ಸುಮ್ನೆ ಬಡಾಯಿ ಬರೆಯೋದೇ ರೆಸ್ಯೂಮಾ?

ಮೂಡಿಗೆರೆ ಮಳೆ:
ಹಾಜರಿ ಅಂತ ಬರೆದಿದ್ದು ಕಣ್ಣಿಗೆ ಕಾಣಲಿಲ್ವಾ? ‘ನೋಡ್ಕೊಂಡೆ’ ಅಂತ ಎಲ್ಲಿದೆ? ಸಕಲೇಶಪುರದವರ ತೋಟದಲ್ಲಿ ಮೇಸ್ತ್ರಿ ಏನೇನು ಮಾಡ್ತಾನೆ ಅಂತ ಬರೆದ್ರೆ ಬೇರೆಯೇ ಕಥೆ ಆಗ್ತದೆ.

ಹೆಸರು ಬೇಡ:
ನಾನು ನಿಜ ಹೇಳ್ತೀನಿ, ಬೈದ್ರೂ ಸರಿ. ನಂದೂ ಒಂದೂವರೆ ವರ್ಷ ಗ್ಯಾಪ್ ಇತ್ತು. 15,000 ಕೊಟ್ಟು ಎಕ್ಸ್‌ಪೀರಿಯೆನ್ಸ್ ಲೆಟರ್ ತಗೊಂಡೆ, ಮೂರು ತಿಂಗಳ ಸ್ಯಾಲರಿ ಸ್ಲಿಪ್‌ಗೆ ಬೇರೆ 2,000. ಕೆಲಸ ಸಿಕ್ತು. 47ನೇ ದಿನ ವೆರಿಫಿಕೇಶನ್ ರಿಪೋರ್ಟ್ ಬಂತು, ಪಿಎಫ್ ಸರ್ವಿಸ್ ಹಿಸ್ಟರೀಲಿ ಆ ಕಂಪನಿ ಹೆಸರೇ ಇಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ಲ್ಯಾಪ್‌ಟಾಪ್ ಇಸ್ಕೊಂಡು ಕಳ್ಸಿದ್ರು. ಈಗ ತಮಾಷೆ ಏನು ಗೊತ್ತಾ, ಆ 47 ದಿನ ಮಾತ್ರ ಯುಎಎನ್ ಅನ್ನೋ ನನ್ನ ಪಿಎಫ್ ನಂಬರಲ್ಲಿ ಖಾಯಂ ಆಗಿ ಕೂತಿದೆ. ಹೋದಲ್ಲೆಲ್ಲ ‘ಇದೇನಿದು, ಯಾಕೆ ಬಿಟ್ರಿ’ ಅಂತಾರೆ. ಖಾಲಿ ಒಂದೂವರೆ ವರ್ಷವನ್ನ ಯಾರೂ ಇಷ್ಟು ಕೆದಕಿರಲಿಲ್ಲ.

ಪೀಣ್ಯ ಶಿಫ್ಟು:
ನಿಮ್ಮಂಥವರಿಂದಲೇ ನಮ್ಮಂಥ ನಿಯತ್ತಿನವರ ಪೇಪರನ್ನೂ ಅನುಮಾನದಿಂದ ನೋಡೋದು.

ಹೆಸರು ಬೇಡ:
ನಿಯತ್ತಿನವರು ಇನ್ನೊಬ್ಬರ ಪೋಸ್ಟ್ ಪೂರ್ತಿ ಓದ್ತಾರೆ. ಅವರು ಬೆಂಗಳೂರು ಬೇಡ ಅಂದ್ರು, ನಿಮ್ಮ ಮೊದಲನೇ ಮಾತೇ ಬೆಂಗಳೂರು.

ಹತ್ತು ವರ್ಷ ಎಚ್‌ಆರ್:
ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಎಚ್‌ಆರ್ ಆಗಿದ್ದೋಳು ನಾನು, ಸ್ವಲ್ಪ ಕೇಳಿ. ಒಂದು ಅಕೌಂಟ್ಸ್ ಪೋಸ್ಟಿಗೆ 200 ಬರ್ತಿತ್ತು. ಅದ್ರಲ್ಲಿ 150ರಲ್ಲಿ ಮೊದಲ ಸಾಲು ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಬಯಸುತ್ತೇನೆ’. ಕೊನೇಲಿ ತಂದೆ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ವೋ, ‘ಮೇಲಿನದೆಲ್ಲ ಸತ್ಯ’ ಅಂತ ಪ್ರಮಾಣ, ಕೆಲವರು ಆಧಾರ್ ನಂಬರನ್ನೂ ಹಾಕಿರೋರು. ಅದನ್ನ ಊರೆಲ್ಲ ಹಂಚಬೇಡಿ ತಾಯಿ. ನನಗೆ ಬೇಕಿದ್ದದ್ದು ಕೆಲಸದ ಅಳತೆ. ‘ಜಿಎಸ್‌ಟಿ ಗೊತ್ತು’ ಅಂದ್ರೆ ಏನೂ ಹೇಳಿದ ಹಾಗಲ್ಲ. ‘ತಿಂಗಳಿಗೆ ಇಷ್ಟು ಕ್ಲೈಂಟ್‌ಗಳ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 11ನೇ ತಾರೀಕಿನೊಳಗೆ, ತೆರಿಗೆ ಕಟ್ಟೋ ರಿಟರ್ನ್ 3ಬಿ 20ರೊಳಗೆ ಹಾಕಿದ್ದೆ, ಪೋರ್ಟಲ್ ಕೊಡೋ ಪಟ್ಟಿ 2ಬಿ ಜೊತೆ ಖರೀದಿ ತಾಳೆ ನೋಡ್ತಿದ್ದೆ’ ಅಂತಿದ್ರೆ ಕೂಡ್ಲೇ ಕರೆಸ್ತಿದ್ದೆ.

ಗ್ಯಾಪ್ ಮುಚ್ಚಬೇಡಿ. ‘ಮನೆಯಲ್ಲಿ ಅನಾರೋಗ್ಯ, 2023–25, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ’ ಅಂತ ಒಂದೇ ಸಾಲು, ಅಳು ಬೇಡ. ಇನ್ನೊಂದು, 20 ಜನಕ್ಕಿಂತ ಕಮ್ಮಿ ಇರೋ ಆಫೀಸಿಗೆ ಪಿಎಫ್ ಕಡ್ಡಾಯ ಅಲ್ಲ. ನಿಮ್ಮ ಆಡಿಟರ್ ಕಟ್ಟಿಲ್ಲ ಅಂದ್ರೆ ಆ ಮೂರು ವರ್ಷಕ್ಕೆ ಲೆಟರ್‌ಹೆಡ್ ಮೇಲೆ ಸರ್ವಿಸ್ ಲೆಟರ್ ತಗೊಳ್ಳಿ, ಇವತ್ತೇ.

ಇಷ್ಟೆಲ್ಲ ಹೇಳ್ತೀನಲ್ಲ, ನನ್ನ ಕಥೆ ಕೇಳಿ. ಎರಡನೇ ಮಗು ಆದಾಗ ಕೆಲಸ ಬಿಟ್ಟೆ. ನಾಲ್ಕು ವರ್ಷ ಆದ್ಮೇಲೆ, ನನ್ನ ಕೈಕೆಳಗೆ ಟ್ರೈನಿ ಆಗಿದ್ದ ಹುಡುಗ ನನ್ನ ರೆಸ್ಯೂಮ್ ನೋಡಿ, ‘ಮೇಡಂ, ಗ್ಯಾಪ್ ಜಾಸ್ತಿ ಆಯ್ತು’ ಅಂದ.

ಚನ್ರಾಯಪಟ್ಣದ ಡಿಪ್ಲೊಮಾ:
ಬೇಜಾರ್ ಮಾಡ್ಕೋಬೇಡಿ ಮೇಡಂ, ಆ ಹುಡುಗನಿಗೆ ಕಲಿಸಿದ್ದು ನೀವೇ ತಾನೆ? ಫೋಟೊ ಬೇಕಾ ಬೇಡ್ವಾ ಅದು ಹೇಳ್ಲಿಲ್ಲ. ಫೋಟೊ ನೋಡಿ ಕರೆಯೋರು ಎಷ್ಟು ಜನ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಹತ್ತು ವರ್ಷ ಎಚ್‌ಆರ್:
ಫ್ರಂಟ್ ಆಫೀಸ್‌ಗೆ ನೋಡ್ತಿದ್ರು, ನಾನೂ ಕಣ್ಣಾರೆ ಕಂಡಿದೀನಿ. ಅಕೌಂಟ್ಸ್‌ಗೆ ಬೇಡ, ಒಂದು ಪುಟ ಧಾರಾಳ ಸಾಕು. 5,030ರ ಸಿಟ್ಟು ನನ್ನ ಮೇಲೆ ತೀರಿಸಬೇಡಿ.

ಅರಸೀಕೆರೆ ಡಿಟಿಪಿ:
ಯಾರೂ ಫಾಂಟ್ ವಿಷಯ ಎತ್ತಲಿಲ್ಲ. ಸೊಸೈಟಿ, ಟ್ರಸ್ಟ್ ಸ್ಕೂಲುಗಳಿಗೆ ಕನ್ನಡದಲ್ಲಿ ಅರ್ಜಿ ಹಾಕೋರು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿ ವರ್ಡ್ ಫೈಲನ್ನೇ ಮೇಲ್ ಮಾಡ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆರೆದ್ರೆ ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ನಮ್ಮೂರ ಹುಡುಗ ಒಬ್ಬ ಹೀಗೆ 11 ಕಡೆ ಕಳ್ಸಿದ್ದ. ಯೂನಿಕೋಡಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿ ಕಳ್ಸಿ.

ಸಕಲೇಶಪುರ ಸಿಂಗಲ್ ಬ್ರಿಜ್:
ಇದಕ್ಕೇ ನಾನು ಮೊದಲಿಂದ ಬರಹ ಸಾಫ್ಟ್‌ವೇರೇ ಬಳಸೋದು.

ಅರಸೀಕೆರೆ ಡಿಟಿಪಿ:
ಬರಹದ ಹಳೇ ಫಾಂಟಿಗೂ ಅದೇ ಗತಿ ಕಣ್ರಿ. ನುಡೀಲೂ ಈಗ ಯೂನಿಕೋಡ್ ಬರುತ್ತೆ. ಕನ್ನಡ ಗಣಕ ಪರಿಷತ್ತು ಮಾಡಿದ್ದು, ಸರ್ಕಾರಿ ಆಫೀಸೆಲ್ಲ ಅದರಲ್ಲೇ ನಡೆದಿದೆ.

ಸಕಲೇಶಪುರ ಸಿಂಗಲ್ ಬ್ರಿಜ್:
ಸರ್ಕಾರಿ ಆಫೀಸು ನಡೆದಿದೆ ಅಂತ ಯಾರು ಹೇಳಿದ್ರು ನಿಮಗೆ?

ಹೇಮಾವತಿ ದಡ:
ಎಲ್ರಿಗೂ ಥ್ಯಾಂಕ್ಸ್. ಹಳೇ ಡೈರಿ ತೆಗೆದು ಲೆಕ್ಕ ಹಾಕಿದೆ, ಕೊನೇ ವರ್ಷ ತಿಂಗಳಿಗೆ 64 ಕ್ಲೈಂಟ್ ನೋಡಿದೀನಿ, ನನಗೇ ಗೊತ್ತಿರಲಿಲ್ಲ. ಎಚ್‌ಆರ್ ಅಕ್ಕ ಹೇಳಿದ ಹಾಗೆ ಆಡಿಟರ್ ಸರ್‌ಗೆ ಫೋನ್ ಮಾಡಿದೆ. ಪಿಎಫ್ ಕಟ್ಟೇ ಇಲ್ವಂತೆ. ಲೆಟರ್ ಕೊಡ್ತೀನಿ, ‘ನೀನೇ ಟೈಪ್ ಮಾಡ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ’ ಅಂದ್ರು. ಅದ್ರಲ್ಲಿ ಏನೇನು ಇರ್ಬೇಕು ಅಂತ ಯಾರಾದ್ರೂ ಹೇಳ್ತೀರಾ?

ಅರಸೀಕೆರೆ ಡಿಟಿಪಿ:
ಬರಹದಲ್ಲಿ ಟೈಪ್ ಮಾಡ್ಬೇಡಿ.

ಮೂಡಿಗೆರೆ ಮಳೆ:
ಮೇಸ್ತ್ರಿಗೆ ಚೆಕ್‌ರೋಲ್ ಬರೆಯೋಕೆ ಬರ್ತದಾ ಅಂತ ಆ ಸಕಲೇಶಪುರದವರನ್ನ ಒಂದು ಸಲ ಕೇಳಿ ಮೊದಲು.