ಹೋಳಿಗೆ ತಪ್ಪಿಸಿದ ಸೇತುವೆ

ನಮ್ಮ ಬದಿಯಡ್ಕದ ಭಟ್ರಿಗೆ ಕೋಪ ಬರುವುದು ಅಪರೂಪ. ಅಡಿಕೆಯ ರೇಟು ಬಿದ್ದರೂ ನಗುತ್ತಾರೆ. ತೋಟಕ್ಕೆ ಕೊಳೆರೋಗ ಬಂದರೂ ನಗುತ್ತಾರೆ. ಅಂಥವರು ಮೊನ್ನೆ ಸಂಜೆ ಚಾದ ಹೋಟೆಲಿಗೆ ಬಂದವರೇ ಗೋಳಿಬಜೆ ಬೇಡ ಅಂದುಬಿಟ್ಟರು.

"ಎಂತಾಯ್ತು ಭಟ್ರೇ?" ಎಂದು ಮಾಷ್ಟ್ರು ಕೇಳಿದರು.

"ಎಂತಾಗ್ಲಿಕ್ಕೆ? ಉದುಮದಲ್ಲಿ ಮದುವೆ ಇತ್ತು. ಹೋದದ್ದು ಊಟಕ್ಕೆ, ಸಿಕ್ಕಿದ್ದು ಮಜ್ಜಿಗೆ."

ವಿಷಯ ಇಷ್ಟೇ. ಚಂದ್ರಗಿರಿ ಸೇತುವೆಯ ಹತ್ತಿರ ರಸ್ತೆ ದುರಸ್ತಿ, ವಾಹನ ಬಂದ್. ಭಟ್ರಿಗೆ ಇದು ಗೊತ್ತಿಲ್ಲ. ಬದಿಯಡ್ಕದಿಂದ ಚೆರ್ಕಳಕ್ಕೆ ಬಂದು, ವಿದ್ಯಾನಗರ ದಾಟಿ, ಕಾಸರಗೋಡು ಪೇಟೆಯ ಬ್ಲಾಕಿನಲ್ಲಿ ತೆವಳಿ, ಅಂತೂ ಸೇತುವೆಯ ಬುಡ ತಲುಪಿದರು. ಅಲ್ಲಿ ಎರಡು ಡಾಮರು ಡಬ್ಬ, ನಡುವೆ ಒಂದು ಬಿದಿರು. ಬಿದಿರಿಗೆ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ ಹಳೇ ಚುನಾವಣೆಯ ಫ್ಲೆಕ್ಸ್. ಅದರ ಹಿಂಬದಿಯಲ್ಲಿ ಯಾರೋ ಪೈಂಟಿನಿಂದ ಮಲಯಾಳದಲ್ಲಿ ಆರು ಸಾಲು ಬರೆದಿದ್ದಾರೆ. ಭಟ್ರು ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಓದಲು ಬಾರದು. ಆದರೆ ಓದುವ ಪ್ರಶ್ನೆಯೇ ಬರಲಿಲ್ಲ. ಗಾಳಿಗೆ ಫ್ಲೆಕ್ಸ್ ಮಗುಚಿತ್ತು.

"ನನಗೆ ಕಂಡದ್ದು ಕೈಮುಗಿದು ನಿಂತ ಅಭ್ಯರ್ಥಿ ಮಾತ್ರ. ಇವನಿಗೆ ಈಗ ಎಂಥ ಓಟು ಅಂತ ಹಾರ್ನ್ ಹಾಕಿದೆ."

ಹೊಳೆಯಾಚೆ ಗುಡ್ಡದ ಮೇಲೆ ಶಿವಪ್ಪ ನಾಯಕನ ಕಾಲದ ಕೋಟೆ. ಅದೇ ದಾರಿಯಲ್ಲಿ ಮುಂದೆ ಹೋದರೆ ಮೇಲ್ಪರಂಬ, ಕಳನಾಡು, ಆಮೇಲೆ ಉದುಮ. ಎಲೆ ಹಾಕುವ ಮೊದಲೇ ತಲುಪುವಷ್ಟು ಹೊತ್ತಿತ್ತು. ಆದರೆ ಅಲ್ಲಿದ್ದ ಹುಡುಗ ಕೈಬೀಸಿ, "ಚೆರ್ಕಳಕ್ಕೆ ವಾಪಸ್ ಹೋಗಿ, ತೆಕ್ಕಿಲ್ ಸೇತುವೆ ದಾಟಿ, ಚಟ್ಟಂಚಾಲ್‌ನಿಂದ ದೇಳಿಗೆ ಇಳೀರಿ" ಅಂದ.

"ಚೆರ್ಕಳದಿಂದಲೇ ಅಲ್ವಾ ಬಂದದ್ದು ನಾನು!" ಭಟ್ರು ಮೇಜು ಕುಟ್ಟಿದರು. "ಅಲ್ಲೇ ಒಂದು ಬೋರ್ಡು ಇದ್ದಿದ್ದರೆ ನೆಟ್ಟಗೆ ಚಟ್ಟಂಚಾಲ್‌ಗೆ ತಿರುಗುತ್ತಿದ್ದೆ. ಅದೇ ಹೊಳೆ ಮಾರಾಯ್ರೆ, ಅದೇ ನೀರು. ಮೇಲೆ ಹೋಗಿ ದಾಟಿದೆ. ತಲುಪುವಾಗ ಕೊನೆಯ ಹಂತಿಯೂ ಎದ್ದಿತ್ತು. ಹೋಳಿಗೆಯ ಡಬ್ಬಿ ತೊಳೀತಾ ಇದ್ದರು."

ತೊಳೀತಾ ಇದ್ದರು ಅನ್ನುವಾಗ ಅವರ ಸ್ವರ ಸ್ವಲ್ಪ ನಡುಗಿತು. ನಗಬಾರದು ಅಂತ ನಾವು ಚಾದ ಗ್ಲಾಸಿನೊಳಗೆ ಮುಖ ಹಾಕಿದೆವು.

ಮಾಷ್ಟ್ರಿಗೆ ಮಾತ್ರ ಇಂಥ ದಾಕ್ಷಿಣ್ಯ ಇಲ್ಲ. ಕೆಲಸದಿಂದ ನಿವೃತ್ತರಾಗಿದ್ದಾರೆ, ಪಾಠದಿಂದ ಆಗಿಲ್ಲ. "ಹಿಂದಿನ ಕಾಲದಲ್ಲಿ ನಾಯರ್ ಹೆಂಗಸರು ಚಂದ್ರಗಿರಿ ಹೊಳೆ ದಾಟಿ ಈಚೆ ಬರಬಾರದು ಅಂತ ಕಟ್ಟಳೆ ಇತ್ತು. ಈಗ ಗಂಡಸರೂ ಆಚೆ ಹೋಗುವ ಹಾಗಿಲ್ಲ. ಸಮಾನತೆ ಅಂದರೆ ಇದೇ."

"ನಿಮಗೆ ತಮಾಷೆ."

"ತಮಾಷೆ ಅಲ್ಲ ಭಟ್ರೇ. ವಾಲ್ಮೀಕಿ ರಾಮಾಯಣ ನೋಡಿ. ನಳ ಸೇತುವೆ ಕಟ್ಟಿದ್ದು ಐದೇ ದಿನದಲ್ಲಿ. ಮೊದಲ ದಿನ 14 ಯೋಜನ, ಎರಡನೇ ದಿನ 20, ಆಮೇಲೆ 21, 22, 23. ಒಟ್ಟು ನೂರು. ದಿನ ಹೋದ ಹಾಗೆ ಕೆಲಸ ಜಾಸ್ತಿ! ಇಂಥ ಕಂಟ್ರಾಕ್ಟರು ಎಲ್ಲಿ ಸಿಗ್ತಾನೆ?"

"ಅವನಿಗೆ ಬಿಲ್ಲು ಪಾಸಾಗುವ ಚಿಂತೆ ಇರಲಿಲ್ಲ," ಎಂದರು ಶೆಟ್ರು.

ಶೆಟ್ರು ಅಂಧೇರಿಯಲ್ಲಿ ಹೋಟೆಲಿನ ಗಲ್ಲೆಯಲ್ಲಿ ಅರ್ಧ ಆಯುಷ್ಯ ಕೂತು ಬಂದವರು. ಊರಿನ ಯಾವ ಕಷ್ಟವನ್ನು ಹೇಳಿದರೂ ಮುಂಬಯಿಯಿಂದ ಅದರ ಅಣ್ಣನನ್ನು ಕರೆತರುತ್ತಾರೆ.

"ಒಂದು ಹೋಳಿಗೆಗೆ ಇಷ್ಟು ಗಲಾಟೆ! ನಮ್ಮ ಅಂಧೇರಿಯ ಗೋಖಲೆ ಸೇತುವೆ ನೀವು ನೋಡಬೇಕಿತ್ತು. 2018ರ ಜುಲೈಯಲ್ಲಿ ಅದರ ಒಂದು ಭಾಗ ರೈಲಿನ ಹಳಿಯ ಮೇಲೆಯೇ ಬಿತ್ತು. 2022ರ ನವೆಂಬರಿನಲ್ಲಿ ಪೂರ್ತಿ ಬಂದ್ ಮಾಡಿದರು. ಹಳಿಯ ಈ ಬದಿಯಲ್ಲಿ ಮನೆ, ಆ ಬದಿಯಲ್ಲಿ ಆಫೀಸು, ನಡುವೆ ಪರದೇಶ. 2024ರ ಫೆಬ್ರವರಿಯಲ್ಲಿ ಹೊಸ ಸೇತುವೆಯ ಒಂದು ಬದಿ ತೆರೆದರು. ಖುಷಿಯಿಂದ ನೋಡಿದರೆ, ಪಕ್ಕದ ಬರ್ಫಿವಾಲಾ ಫ್ಲೈಓವರು ಕೆಳಗೆ, ಇದು ಮೇಲೆ! ಒಂದೂವರೆ ಮೀಟರಿಗಿಂತ ಜಾಸ್ತಿ ವ್ಯತ್ಯಾಸ."

"ಅದು ಹೇಗೆ?"

"ಹಳಿಯ ಮೇಲೆ ಎತ್ತರ ಜಾಸ್ತಿ ಬೇಕು ಅಂತ ರೈಲ್ವೆಯ ಹೊಸ ನಿಯಮ. ಹಾಗಾಗಿ ಸೇತುವೆ ಮೇಲೆ ಹೋಯ್ತು. ಪಾಪ, ಫ್ಲೈಓವರಿಗೆ ಯಾರೂ ಹೇಳಲಿಲ್ಲ. ಕೊನೆಗೆ ಜಾಕಿ ಕೊಟ್ಟು ಫ್ಲೈಓವರನ್ನೇ ಎತ್ತಿ, ಆ ಜುಲೈಯಲ್ಲಿ ಎರಡನ್ನೂ ಕೂಡಿಸಿದರು."

"ಅಷ್ಟು ದೊಡ್ಡದನ್ನು ಜಾಕಿಯಲ್ಲಾ?" ಭಟ್ರಿಗೆ ಹೋಳಿಗೆ ಮರೆತೇ ಹೋಯಿತು.

ಆಗ ಹಮೀದಿಚ್ಚ ಬಾಯಿ ಬಿಟ್ಟರು. ಗಲ್ಫಿನಲ್ಲಿ ಕಾಂಕ್ರೀಟಿನ ಕೆಲಸ ಮಾಡಿದವರು, ಮಾತು ಕಮ್ಮಿ. "ಹೈಡ್ರಾಲಿಕ್ ಜಾಕಿ ಭಟ್ರೇ. ಕಂಬಕ್ಕೂ ಮೇಲಿನ ಸ್ಲಾಬಿಗೂ ನಡುವೆ ಬೇರಿಂಗ್ ಉಂಟು, ರಬ್ಬರಿನ ದಪ್ಪ ಹಾಳೆಯ ಹಾಗೆ. ಅದು ಹಾಳಾದರೆ ಸ್ಲಾಬನ್ನು ಒಂಚೂರು ಎತ್ತಿ ಬದಲಿಸಬೇಕು. ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅದಕ್ಕೆ ಜಾಗ ಬಿಟ್ಟ ಜಾಯಿಂಟು ಉಂಟು. ನಿಮ್ಮ ಕಾರು ಸೇತುವೆಯ ಮೇಲೆ ಟಕ್ ಟಕ್ ಅನ್ನುವುದು ಅಲ್ಲೇ. ಅಲ್ಲಿಂದ ನೀರು ಇಳಿದರೆ ಒಳಗಿನ ಕಬ್ಬಿಣಕ್ಕೆ ತುಕ್ಕು. ಹಸಿ ಕಾಂಕ್ರೀಟಿನ ಮೇಲೆ ಬಸ್ಸು ಓಡಿಸಲಿಕ್ಕೆ ಆಗ್ತದಾ? ಬಂದ್ ಮಾಡಲೇಬೇಕು."

"ನಾನು ಬಂದ್ ಮಾಡಬೇಡಿ ಅಂದೆನಾ?"

ಮಾತು ಸರಿಯೇ. ದುರಸ್ತಿ ಮಾಡಿದರೂ ಬೈಯುವ, ಮಾಡದಿದ್ದರೂ ಬೈಯುವ ಜನ ನಾವು. ಆದರೆ ಈ ಸಲ ನಾನು ಭಟ್ರ ಪಕ್ಷ. ಮುಚ್ಚಿದ ಸೇತುವೆಯಿಂದ ಅಷ್ಟು ತೊಂದರೆ ಇಲ್ಲ, ಮುಚ್ಚಿದ ಬಾಯಿಯಿಂದ ಜಾಸ್ತಿ. ಬೋರ್ಡು ಬೇಕಾದದ್ದು ತಿರುಗುವ ಜಾಗದಲ್ಲಿ. ಸೇತುವೆಯ ಬುಡಕ್ಕೆ ಬಂದವನಿಗೆ ಸೇತುವೆ ಬಂದ್ ಅಂತ ಹೇಳಲು ಬೋರ್ಡು ಯಾಕೆ, ಅಡ್ಡ ಇಟ್ಟ ಡಾಮರು ಡಬ್ಬವೇ ಹೇಳುತ್ತದೆ. ಬರೆಯುವಾಗ ಕನ್ನಡದಲ್ಲೂ ಎರಡು ಸಾಲು ಬರೆದರೆ ಪೈಂಟೇನೂ ಮುಗಿದುಹೋಗುವುದಿಲ್ಲ.

ಮಾಷ್ಟ್ರ ಮಗಳು ಬೋಸ್ಟನ್‌ನಲ್ಲಿದ್ದಾಳೆ. ವಿಮಾನ ನಿಲ್ದಾಣದಿಂದ ಪೇಟೆಗೆ ಬರಲು ಅಲ್ಲಿ ಸಮ್ನರ್ ಅಂತ ಒಂದು ಸುರಂಗ, 1934ರದ್ದು. ದುರಸ್ತಿಗೆ 2023ರ ಜುಲೈ ಮೊದಲ ವಾರದಿಂದ ಆಗಸ್ಟ್ ಕೊನೆಯವರೆಗೆ ಪೂರ್ತಿ ಮುಚ್ಚಿದರಂತೆ. ತಿಂಗಳುಗಳ ಮೊದಲೇ ಊರಿಗೆಲ್ಲ ಡಂಗುರ. ಅಷ್ಟೇ ಅಲ್ಲ, ಆ ಕಡೆ ಹೋಗುವ ರೈಲಿನಲ್ಲಿ ಎಲ್ಲರಿಗೂ ಫ್ರೀ.

"ಫ್ರೀಯಾ!" ಭಟ್ರು ಕಣ್ಣರಳಿಸಿದರು. "ನನಗೆ ಒಂದು ದೋಣಿ ಇಟ್ಟಿದ್ದರೆ ಸಾಕಿತ್ತು. ದುಡ್ಡು ನಾನೇ ಕೊಡ್ತಿದ್ದೆ."

ಹಾಗಂತ ಪರದೇಶದಲ್ಲಿ ಎಲ್ಲವೂ ಸಸೂತ್ರ ಅಂತಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇತುವೆಯಲ್ಲಿ ಬಿರುಕು ಕಂಡು 2019ರ ಏಪ್ರಿಲಿನಲ್ಲಿ ವಾಹನ ನಿಲ್ಲಿಸಿದರು. ಆರು ವರ್ಷ ಕಳೆದರೂ ಕಾರು, ಬಸ್ಸು ಬಿಟ್ಟಿಲ್ಲ. 2022ರಲ್ಲಿ ಸೆಕೆ ಜೋರಾದಾಗ ಬಿರುಕು ಜಾಸ್ತಿಯಾಗದಿರಲಿ ಅಂತ ಅದರ ಕೆಲವು ಭಾಗಗಳನ್ನು ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿಟ್ಟರು, ಬುತ್ತಿಗೆ ಚಪಾತಿ ಸುತ್ತಿದ ಹಾಗೆ. ಇದನ್ನು ಹೇಳಿದ್ದಕ್ಕೆ ಶೆಟ್ರು ನನ್ನನ್ನು ನಂಬಲೇ ಇಲ್ಲ. ಮುಂಬಯಿಯಲ್ಲಿ ನಡೆಯದ್ದು ಅವರ ಲೆಕ್ಕದಲ್ಲಿ ಎಲ್ಲೂ ನಡೆದಿರುವುದಿಲ್ಲ.

ಕೊನೆಗೆ ಒಂದು ಅರ್ಜಿ ಬರೆಯುವುದು ಅಂತಾಯಿತು. ಚೆರ್ಕಳದಲ್ಲಿ ಗಟ್ಟಿಯಾದ ಬೋರ್ಡು ಬೇಕು, ಎರಡೂ ಭಾಷೆಯಲ್ಲಿ, ಗಾಳಿಗೆ ಮಗುಚದ ಹಾಗೆ. ಮಾಷ್ಟ್ರು ಕಿಸೆಯಿಂದ ಪೆನ್ನು ತೆಗೆದರು. ಹಮೀದಿಚ್ಚ ಗ್ಲಾಸು ಕೆಳಗಿಟ್ಟರು.

"ಗಟ್ಟಿ ಬೋರ್ಡು ನೆಡಬೇಕಾದರೆ ಗುಂಡಿ ತೋಡಬೇಕು. ಗುಂಡಿಗೆ ಕಾಂಕ್ರೀಟ್ ಹಾಕಬೇಕು. ಚೆರ್ಕಳದಲ್ಲಿ ಎರಡು ದಿನ ರಸ್ತೆ ಬಂದ್."

ಭಟ್ರು ಗಾಬರಿಯಿಂದ ಎದ್ದು ನಿಂತರು. "ಯಾವಾಗ ಅಂತ ಮೊದಲೇ ಹೇಳಿ ಮಾರಾಯ್ರೆ. ಬರುವ ಶುಕ್ರವಾರ ಪೆರಿಯದಲ್ಲಿ ಒಂದು ಉಪನಯನ ಉಂಟು."