ಅಪ್‌ಡೇಟ್: ಅಪ್ಪನಿಗೆ ಹಗುರವಾದ ಕೋವಿ ಯಾವುದು ಅಂತ ಕೇಳಿದ್ದೆನಲ್ಲ

ನೆನಪಿಲ್ಲದವರಿಗೆ: ಸಾಗರದ ಹತ್ತಿರ ತೋಟದ ಒಂಟಿ ಮನೆ. ಅಪ್ಪನಿಗೆ 74. ಲೈಸೆನ್ಸ್ ಇರುವ ಹಳೇ ಜೋಡಿ ನಳಿಗೆಯ 12 ಬೋರ್ ಕೋವಿ ಈಗ ಅವರಿಗೆ ಭಾರ. ಬದಲಿಗೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೆ.

ಜಾಸ್ತಿ ಜನ ಹೇಳಿದ್ದು .32 ರಿವಾಲ್ವರ್. ಅಂಗಡಿಗೆ ಕರೆದುಕೊಂಡು ಹೋಗಿ ಖಾಲಿ ರಿವಾಲ್ವರ್ ಕೈಗೆ ಕೊಡಿಸಿದೆ. ಗಂಟು ಕಟ್ಟಿದ ಬೆರಳಲ್ಲಿ ಟ್ರಿಗರ್ ಅರ್ಧದವರೆಗೂ ಬರಲಿಲ್ಲ. ಎರಡೂ ಕೈಯ ಬೆರಳು ಹಾಕಿ ಎಳೆದರು, ನಳಿಗೆ ಗೋಡೆ ಬಿಟ್ಟು ಅಂಗಡಿಯವರ ಕಡೆ ತಿರುಗಿತು! ಅಲ್ಲಿಗೆ ಆ ಮಾತು ಮುಗಿಯಿತು. ಪಂಪ್ ಆಕ್ಷನ್ (ಪ್ರತಿ ಸಲವೂ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ-ಮುಂದೆ ಎಳೆಯಬೇಕಾದ ಕೋವಿ) ಕೂಡ ಭುಜನೋವಿಗೆ ಆಗಲಿಲ್ಲ. ಹಗುರ ಅಂದರೆ ಸುಲಭ ಅಂತ ನಾನು ಸುಮ್ನೆ ಅಂದುಕೊಂಡಿದ್ದೆ.

ಕೈಹಿಡಿದಿದ್ದು "ಕೋವಿ ಬದಲಿಸಬೇಡಿ, ಹಿಡಿಯುವ ಕೈ ಬದಲಿಸಿ" ಅಂದವರ ಸಲಹೆ, ಅಂದರೆ ಅದೇ ಕೋವಿಯ ಲೈಸೆನ್ಸ್ ಮಕ್ಕಳ ಹೆಸರಿಗೆ ಮಾಡಿಸುವುದು. ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಮಾತ್ರ ಮಕ್ಕಳ ಹೆಸರಿಗೆ ಆಗುತ್ತೆ ಅಂದುಕೊಂಡಿದ್ದೆ. ಹಾಗಲ್ಲವಂತೆ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ, ಅವರಿಗೆ 70 ತುಂಬಿದ್ದರೆ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರು ಅರ್ಜಿ ಹಾಕಬಹುದು. ಪೊಲೀಸ್ ವಿಚಾರಣೆ ಮಾತ್ರ ತಪ್ಪಲ್ಲ. ಮನೆಯಲ್ಲೇ ಇರುವ ನನ್ನ ತಮ್ಮ ಅರ್ಜಿ ಕೊಟ್ಟಿದ್ದಾನೆ.

ಅಂಗಳಕ್ಕೆ ಎರಡು ಸೆನ್ಸರ್ ದೀಪ ಹಾಕಿಸಿದೆವು. ರಾತ್ರಿ ಕಾಡುಹಂದಿ ಬಂದರೂ ಫಕ್ಕನೆ ಹತ್ತುತ್ತವೆ. ನಿಜ ಹೇಳಬೇಕಂದ್ರೆ ಅಮ್ಮನಿಗೆ ನಿದ್ದೆ ಬಂದಿದ್ದು ಇದರಿಂದಲೇ.

ಅಪ್ಪನದ್ದು ಒಂದೇ ಷರತ್ತು: "ಹೆಸರು ಯಾರದ್ದಾದ್ರೂ ಆಗಲಿ, ಎಣ್ಣೆ ಹಚ್ಚೋದು ನಾನೇ."