ಸಹಾಯ ಬೇಕು: ಮೇಲ್‌ನಲ್ಲಿ ಕಳಿಸಿದ ಆಕ್ಷೇಪಣೆ ಲೆಕ್ಕಕ್ಕೆ ಬರುತ್ತಾ?

ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಗದಗ ಜಿಲ್ಲೆಯ ಹಳ್ಳಿ, ಮನೆ ಮುಂದೆ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ನಾನು ಕೆಲಸಕ್ಕೆ ಹುಬ್ಬಳ್ಳಿಯಲ್ಲಿದ್ದೇನೆ. ಊರ ಹತ್ತಿರ ಒಂದು ಕಾರ್ಖಾನೆ ಬರಲಿದೆ. ಮುಂದಿನ ವಾರ ಅದರ ಪರಿಸರ ಅಹವಾಲು ಸಭೆ. ನನಗೆ ರಜೆ ಸಿಗಲಿಲ್ಲ.

2006ರ ಇಐಎ (ಪರಿಸರದ ಮೇಲಾಗುವ ಪರಿಣಾಮದ ಅಧ್ಯಯನ) ಅಧಿಸೂಚನೆ ಪ್ರಕಾರ ಲಿಖಿತವಾಗಿಯೂ ಅಭಿಪ್ರಾಯ ಕೊಡಬಹುದು. ಆ ಅಧ್ಯಯನದ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ನನಗೆ ಆನ್‌ಲೈನ್‌ನಲ್ಲಿ ಸಿಕ್ಕಿದ್ದು ಇಂಗ್ಲಿಷಿನದು ಮಾತ್ರ. ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಲು ಹೋಗಿ ನನಗೇ ತಲೆ ತಿರುಗಿತು. ಅದರ ನಕ್ಷೆಯಲ್ಲಿ ನಮ್ಮ ಕೆರೆಗೆ ಸೇರುವ ಹಳ್ಳವೇ ಇಲ್ಲ! ಮಳೆಗಾಲದಲ್ಲಿ ಆ ಹಳ್ಳ ದಾಟಲಾಗದೆ ಎಷ್ಟು ಸಲ ಶಾಲೆ ತಪ್ಪಿಸಿದ್ದೇನೋ.

ಹಳ್ಳದ ಫೋಟೊ, ಲೊಕೇಶನ್, ಸರ್ವೆ ನಂಬರ್ ಹಾಕಿ ನೋಟಿಸಿನಲ್ಲಿದ್ದ ವಿಳಾಸಕ್ಕೆ ಮೇಲ್ ಮಾಡಿದೆ. ಐದು ದಿನವಾಯ್ತು, ಉತ್ತರವಿಲ್ಲ. ಫೋನ್ ಮಾಡಿದರೆ ಒಬ್ಬರು ಮೇಲ್ ಸಾಕು ಅಂತಾರೆ, ಇನ್ನೊಬ್ಬರು ಕಾಗದದಲ್ಲೇ ಕೊಡಿ ಅಂತಾರೆ.

ಮೇಲ್ ಆಕ್ಷೇಪಣೆ ಸಭೆಯ ನಡಾವಳಿಯಲ್ಲಿ ಸೇರುತ್ತದೆಯೇ? ಇಲ್ಲಾ ಅಪ್ಪನ ಕೈಲಿ ಪ್ರಿಂಟ್ ಕಳಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಲೇಬೇಕೇ? ಇಂಥ ಸಭೆಗೆ ಆಕ್ಷೇಪಣೆ ಕೊಟ್ಟವರು ಯಾರಾದರೂ ಇದ್ದರೆ ಸ್ವಲ್ಪ ಹೇಳ್ರಿ.